ಐದನೆಯ ರೆಕ್ಕೆ

ಅಪ್ಪನ ವರ್ಕ್‌ಶಾಪು, ಕಿಟಕಿ ಪಕ್ಕದ ಬೆಂಚು
ಬುಧವಾರ, ಊಟದ ಬಿಡುವು

ಪ್ರೀತಿಯ ಅಕ್ಕನಿಗೆ,

'ಪ್ರೀತಿಯ' ಎಂದು ಬರೆದು ಎರಡು ನಿಮಿಷ ಅದನ್ನೇ ನೋಡುತ್ತ ಕೂತಿದ್ದೆ. ಇರಲಿ ಬಿಡು, ಸುಳ್ಳೇನಲ್ಲ.

ಶನಿವಾರ ದೋಣಿ ಕಂಪನಿಯ ಯಜಮಾನಿಗೆ ಫೋನು ಮಾಡಿ ನಿನ್ನ ಡಿಸೈನನ್ನು ವಾಪಸು ತೆಗೆದುಕೊಳ್ಳುತ್ತೀಯಂತೆ, ಅಪ್ಪ ಹೇಳಿದರು. ಬೇಡ. ಈ ಕಾಗದ ಓದಿ ಮುಗಿಸುವವರೆಗಾದರೂ ಬೇಡ. ನಾನೂ ಫೋನು ಮಾಡಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಸಿಟ್ಟಾಗಿ ಇಟ್ಟುಬಿಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ.

ತಪ್ಪು ನಿನ್ನ ಮೋಟಾರಿನದ್ದಲ್ಲ, ಬೆಲ್ಟಿನದ್ದೂ ಅಲ್ಲ. ಪ್ರೊಪೆಲರ್ ರೆಕ್ಕೆಗಳ ಹಿಂದಿನ ಅಂಚಿನದ್ದು. ದೋಣಿ ನೀರಿಗಿಳಿಯುವ ಮೂರು ದಿನ ಮೊದಲೇ ನನಗದು ಗೊತ್ತಿತ್ತು.

ಈಗ ಬೈದುಕೋ. ಬೈದಾದ ಮೇಲೆ ಮುಂದೆ ಓದು.

ನೀನು ಆಫೀಸಿಗೆ ರಜೆ ಹಾಕಿ ಡ್ರಾಯಿಂಗಿನ ಸುರುಳಿ ಹಿಡಿದುಕೊಂಡು ಬಂದ ದಿನ, ಅಪ್ಪ ಬೆಂಚಿನ ಮೇಲಿದ್ದ ನನ್ನ ಸಾಮಾನನ್ನೆಲ್ಲ ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿ ಅದನ್ನು ಹರಡಿದರು. ಡೀಸೆಲ್ ಇಂಜಿನ್ ಬದಲು ಕರೆಂಟಿನ ಮೋಟಾರು, ಕಿರುಚುವ ಗೇರಿನ ಬದಲು ಹಲ್ಲಿನ ಬೆಲ್ಟು, ಮೂರು ಪುಟ್ಟ ರೆಕ್ಕೆಯ ಬದಲು ನಿಧಾನವಾಗಿ ತಿರುಗುವ ಐದು ದೊಡ್ಡ ರೆಕ್ಕೆ. "ಅವಸರಪಟ್ಟು ನೀರು ಕಡೆದ್ರೆ ಸದ್ದು ಜಾಸ್ತಿ, ಕೆಲಸ ಕಮ್ಮಿ. ಸಮಾಧಾನವಾಗಿ ತಳ್ಳಿದ್ರೆ ಕರೆಂಟೂ ಉಳಿಯುತ್ತೆ, ಕಿವಿಯೂ ಉಳಿಯುತ್ತೆ" ಎಂದೆ ನೀನು. "ಕೇಳಿಸ್ಕೊಂಡ್ಯಾ ಮೊಂಡಿ? ನಿನಗೇ ಹೇಳ್ತಿರೋದು" ಎಂದರು ಅಪ್ಪ. ಇಬ್ಬರೂ ನಕ್ಕಿರಿ. ನಾನೂ ಹಲ್ಲು ಕಿರಿದೆ. ಡ್ರಾಯಿಂಗು ಚೆನ್ನಾಗಿತ್ತು ಅಕ್ಕ. ಕೆಟ್ಟದಾಗಿದ್ದರೆ ನನಗೆ ಹೊಟ್ಟೆ ಉರಿಯುತ್ತಲೇ ಇರಲಿಲ್ಲ.

ಅದರ ಒಂದು ಪ್ರತಿಗೆ ಅಪ್ಪ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ, ಕೆಳಗೆ ನಿನ್ನ ಹೆಸರು. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, "ನಮ್ಮ ಇಂಜಿನಿಯರಮ್ಮಂದು" ಎಂದು ಶುರು. ಎರಡು ವರ್ಷದ ಹಿಂದೆ ಮೀನು ಹಿಡಿಯುವ ದೋಣಿಯೊಂದು ನೀರಿನಡಿ ಸಿಳ್ಳೆ ಹಾಕುತ್ತ ನಮ್ಮಲ್ಲಿಗೆ ಬಂದಿತ್ತು. ಕಾರಣ ಯಾರಿಗೂ ಹೊಳೆಯಲಿಲ್ಲ. ಹತ್ತು ದಿನ ಅದರ ಬೆನ್ನು ಬಿದ್ದೆ. ರೆಕ್ಕೆಯ ಹಿಂದಿನ ಅಂಚು ದುಂಡಗಿದ್ದರೆ ಅಲ್ಲಿಂದ ಕಳಚಿಕೊಳ್ಳುವ ನೀರಿನ ಸುಳಿಗಳು ರೆಕ್ಕೆಯನ್ನು ತಂತಿಯ ಹಾಗೆ ಮೀಟುತ್ತವೆ. ಅಂಚನ್ನು ಅರದಿಂದ ಉಜ್ಜಿ ಓರೆ ಮಾಡಿದೆ, ಸಿಳ್ಳೆ ನಿಂತಿತು. ಅಪ್ಪ ಹೇಳಿದ್ದು ಎರಡೇ ಮಾತು: "ಸರಿ ಹೋಯ್ತಲ್ಲ. ಮುಂದಿಂದು ನೋಡು." ಚೌಕಟ್ಟು ಹಾಕಿಸೋಣವೆಂದರೆ ನನ್ನ ಬಳಿ ಕಾಗದವೇ ಇರಲಿಲ್ಲ. ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವಳು ನಾನೇ, ಯಾರೂ ಬಿಡಿಸಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೆ. ಅದಕ್ಕೂ ನಿನ್ನನ್ನು ದೂರುವ ಹಾಗಿಲ್ಲವಲ್ಲ, ಆ ಉರಿ ಬೇರೆ.

ನಿನ್ನ ಪ್ರೊಪೆಲರ್ ಎರಕವಾಗಿ ಬಂದಾಗ ಉಜ್ಜಿ ನುಣುಪು ಮಾಡಿದವಳು ನಾನು. ಡ್ರಾಯಿಂಗಿನಲ್ಲಿ ಹಿಂದಿನ ಅಂಚು ದುಂಡಗಿತ್ತು. ನೋಡಿದ ಕೂಡಲೇ ನನಗೆ ಸಿಳ್ಳೆ ಕೇಳಿಸಿತು. ನೀನು ಬಂದು ಅಂಚಿನ ಮೇಲೆ ಬೆರಳಾಡಿಸಿ, "ಏನೇ, ಏನಾದ್ರೂ ಬದಲಾಯಿಸ್ಬೇಕಾ?" ಎಂದು ಕೇಳಿದೆ. "ಚಿತ್ರದಲ್ಲಿರೋ ಹಾಗೇ ಮಾಡಿದೀನಿ" ಎಂದೆ ನಾನು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹುಟ್ಟಿದಾಗಿನಿಂದ ನಾನು ಯಾರ ಮಾತನ್ನೂ ಅಷ್ಟು ಚಾಚೂ ತಪ್ಪದೆ ಕೇಳಿದವಳಲ್ಲ. ನಿನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಆಮೇಲೆ ನಮ್ಮ ಪದ್ಧತಿಯಂತೆ, ಬಿರುಕಿದೆಯೇ ಎಂದು ತಿಳಿಯಲು, ಪ್ರೊಪೆಲರನ್ನು ಹಗ್ಗಕ್ಕೆ ತೂಗುಹಾಕಿ ಮರದ ಸುತ್ತಿಗೆಯಿಂದ ಬಡಿದೆವು. ಮೂವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕ ನಿಂತು ಅಪ್ಪನಿಗೆ ಈಗ ಸಣ್ಣ ಸ್ವರ ಕೇಳಿಸುವುದಿಲ್ಲ. ಬಡಿಯುವುದು ಅವರು, ಕೇಳುವುದು ನಾನು. "ಏನಂತಿದೆ?" ಎಂದು ನನ್ನ ಮುಖ ನೋಡಿದರು. "ಬಿರುಕಿಲ್ಲ" ಎಂದೆ. ಬಿರುಕು ಇರಲಿಲ್ಲ, ನಿಜ. ನಾನು ಸುಳ್ಳು ಹೇಳುವವಳಲ್ಲ ಎಂದು ಬೀದಿಗೆಲ್ಲ ಗೊತ್ತು. ಅದನ್ನೇ ಮರೆ ಮಾಡಿಕೊಂಡೆ.

ದೋಣಿ ದಡ ಬಿಟ್ಟಾಗ ನಿಜಕ್ಕೂ ಸದ್ದೇ ಇರಲಿಲ್ಲ. ನೀರು ಹಲಗೆಗೆ ತಾಗುವುದು ಕೇಳುತ್ತಿತ್ತು. ಆ ಅರ್ಧ ನಿಮಿಷ ನನಗೆ ಹೆಮ್ಮೆಯಾಯಿತು, ತಡೆಯಲಾಗಲಿಲ್ಲ. ನೀನು ವೇಗ ಏರಿಸಿದೆ, ಸಿಳ್ಳೆ ಶುರುವಾಯಿತು. ಯಜಮಾನಿ ಕಿವಿ ಮುಚ್ಚಿಕೊಂಡು, "ನಮ್ಮ ಡೀಸೆಲ್ಲೇ ವಾಸಿ ಕಣಮ್ಮ. ಅದು ಬೈಯುತ್ತೆ ಅಷ್ಟೆ, ಇದು ಹಲ್ಲು ಕೊರೆಯುತ್ತೆ" ಎಂದರು. ಅಪ್ಪ ಒಬ್ಬರೇ ಏನೂ ಕೇಳಿಸದೆ ನಗುತ್ತ ನಿಂತಿದ್ದರು. ಎಲ್ಲರ ಮುಖ ನೋಡಿದರು. ಕೊನೆಗೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನೀನು ಸೋಲುವುದನ್ನು ನೋಡಲು ಕಾದಿದ್ದೆ ಅಕ್ಕ. ನೋಡಿದ್ದು ಮಾತ್ರ ಅಪ್ಪನ ಆ ನಗು ನಿಂತದ್ದನ್ನು.

ಹೊರಡುವಾಗ ನೀನು ಬೆಲ್ಟು, ಮೋಟಾರು, ನಿನ್ನ ತಲೆ ಎಲ್ಲವನ್ನೂ ಬೈದುಕೊಂಡು, "ನಿನ್ನ ಕೆಲಸ ಮಾತ್ರ ಚೊಕ್ಕವಾಗಿತ್ತು ಕಣೇ" ಎಂದು ನನ್ನ ಬೆನ್ನು ತಟ್ಟಿದೆ. ಹೊಡೆದಿದ್ದರೆ ಇಷ್ಟೊತ್ತಿಗೆ ವಾಸಿಯಾಗುತ್ತಿತ್ತು.

ನಿನ್ನೆ ಅಪ್ಪನಿಗೆ ಹೇಳಿದೆ. ಬೈಯಲಿಲ್ಲ. ಸುತ್ತಿಗೆಯ ಹಿಡಿಯನ್ನು ಬಹಳ ಹೊತ್ತು ಒರೆಸಿದರು. "ನಾನು ಬಡಿದಿದ್ದು ನಿನ್ನ ನಂಬ್ಕೊಂಡು" ಎಂದರು. ಮತ್ತೆ, "ಅವಳಿಗೆ ನೀನೇ ಹೇಳು."

ಹೇಳಿದ್ದೇನೆ. ಕ್ಷಮಿಸು. ಹೊಟ್ಟೆಕಿಚ್ಚು ಹೋಯಿತು ಎಂದು ಮಾತ್ರ ಬರೆಯಲಾರೆ, ಹೋಗಿಲ್ಲ. ಯಜಮಾನಿಯ ಹತ್ತಿರ ಇನ್ನೊಂದು ವಾರ ಕೇಳಿಕೋ. ಡ್ರಾಯಿಂಗಿನಲ್ಲಿ ಹಿಂದಿನ ಅಂಚು ತಿದ್ದು. ತಿದ್ದಿದ ಮೇಲೆ ನಿನ್ನ ಹೆಸರಿನ ಪಕ್ಕ ನನ್ನದೂ ಬರೆ. 'ಚಿಕ್ಕ ಅಕ್ಷರದಲ್ಲಿ ಸಾಕು' ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತದಲ್ಲ. ನಿನ್ನದರಷ್ಟೇ ದೊಡ್ಡದಾಗಿ ಬರೆ.

ನಿನ್ನ ತಂಗಿ,
ಮೊಂಡಿ

ತಾ.ಕ.: ನಾಲ್ಕು ರೆಕ್ಕೆಗಳ ಅಂಚು ಓರೆ ಮಾಡಿದ್ದೇನೆ. ಐದನೆಯದನ್ನು ಬೇಕೆಂದೇ ಬಿಟ್ಟಿದ್ದೇನೆ, ಹಾಗೇ ನೀರಿಗಿಳಿಸಿದರೆ ಅದೊಂದೇ ಸಿಳ್ಳೆ ಹಾಕೀತು. ನೀನೇ ಬಂದು ಉಜ್ಜು. ನಿನಗೆ ಅರ ಹಿಡಿಯಲು ಬರುವುದಿಲ್ಲ, ನಾನು ಹೇಳಿಕೊಡುತ್ತೇನೆ. ಅಪ್ಪ ಇರುವಾಗಲೇ ಬಾ. ನಾನು ಹೇಳಿಕೊಡುವುದನ್ನು ಅವರು ನೋಡಬೇಕು.