ಆಕಾಶನೌಕೆಯ ಸೋದರಮಾವ

ಬಡವನಹಳ್ಳಿ ಪಕ್ಕದ ಹಟ್ಟಿ,
೨೧-೨-೧೯೮೮

ಚಿರಂಜೀವಿ ಮೂಡಲಗಿರಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಭಾವ, ಅತ್ತೆ, ಕುರಿಗಳು, ನನ್ನ ಅಂಗನವಾಡಿಯ ಚಿಳ್ಳೆಪಿಳ್ಳೆಗಳು ಎಲ್ಲರೂ ಕ್ಷೇಮ. ನಿನ್ನ ಕಾಮಾಲೆ ಇಳಿಯುತ್ತಿದೆ ಎಂದು ತಿಳಿದು ಸಮಾಧಾನವಾಯಿತು. ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ನಿಜವೇನೆಂದರೆ, ಕಾಯುವುದು ಹೇಗಿರುತ್ತದೆಂದು ನೀನೂ ಸ್ವಲ್ಪ ತಿಳಿಯಲಿ ಅನ್ನಿಸಿತು.

ನಾನು ನಿನ್ನ ಸಿನಿಮಾ ಕೆಡಿಸಿದೆ, ನಿನ್ನ ಮಾನ ಕಳೆದೆ ಎಂದು ಬರೆದಿದ್ದೀಯ. ಏನು ನಡೆಯಿತೆಂದು ಮೊದಲಿನಿಂದ ಹೇಳುತ್ತೇನೆ, ಹೂಂ ಅನ್ನುತ್ತಾ ಓದು.

ನೀನು ಬರೆದ ಧಾರಾವಾಹಿಯನ್ನು ಪಂಚಾಯಿತಿ ಟಿವಿಯಲ್ಲಿ ನಾವೆಲ್ಲ ಒಂದು ವಾರವೂ ಬಿಡದೆ ನೋಡಿದ್ದೆವು. ಆಕಾಶದಲ್ಲಿ ಅಲೆಯುವ ನೌಕೆ, ಅದರೊಳಗೊಂದು ಸಂಸಾರ. ಹೆರಿಗೆಯಾದವಳಿಂದ ಮಿಕ್ಕವರಿಗೆ ರೋಗ ತಗುಲೀತೆಂದು ನೌಕೆಯ ಯಂತ್ರದ ಕಟ್ಟಳೆ. ಅವಳನ್ನೂ ಕೂಸನ್ನೂ ಹೊರಗಿನ ಗೂಡಿನಲ್ಲಿ ಕೂರಿಸಿ ಬಾಗಿಲು ಹಾಕುತ್ತಾರೆ. ಅದನ್ನು ನೋಡಿ ನಮ್ಮತ್ತೆ ಕೊಲ್ಲಾಪುರಮ್ಮ, "ಇದೇನೇ ಗೌರಿ, ನಿನ್ ತಮ್ಮ ನಮ್ ಹಟ್ಟಿನೇ ಆಕಾಸಕ್ಕೆ ಹಾರಿಸ್ಬುಟ್ಟವ್ನಲ್ಲೇ!" ಎಂದು ಬಾಯಿಗೆ ಸೆರಗು ಹಿಡಿದರು. ನಮ್ಮಲ್ಲೂ ಹೆತ್ತವಳು ಮುಳ್ಳುಬೇಲಿಯ ಆಚೆ ಗುಡ್ಲಿನಲ್ಲಿ ಕೂಸಿನೊಂದಿಗೆ ಇರಬೇಕು, ಒಳಗಿನವರು ಯಾರೂ ಮುಟ್ಟಬಾರದು. ಆ ಧಾರಾವಾಹಿಯಲ್ಲಿ ವೈದ್ಯರನ್ನು ತರಲು ಹೋದ ಸೋದರಮಾವ ಬರುವುದೇ ಇಲ್ಲ, ಕೂಸು ಉಳಿಯುವುದಿಲ್ಲ. ಯಾಕೆ ಬರಲಿಲ್ಲ ಎಂದು ಮಾತ್ರ ನೀನು ಬರೆದಿರಲಿಲ್ಲ.

ಅದನ್ನೇ ಮನೆಮಂದಿಯೆಲ್ಲ ಕೂತು ನೋಡುವ ಸಾಹಸದ ಸಿನಿಮಾ ಮಾಡಲು ಹೊರಟಾಗ, ಕೂಸು ಸಾಯಬಾರದು ಎಂದರಂತೆ ಪ್ರೊಡ್ಯೂಸರು. ಸರಿ, ನೀನು ಸೋದರಮಾವನನ್ನು ವೀರನನ್ನಾಗಿ ಮಾಡಿದೆ. ಉರಿಯುವ ಬಂಡೆಗಳ ನಡುವೆ ಪುಟ್ಟ ನೌಕೆ ಹಾರಿಸಿಕೊಂಡು ಹೋಗಿ, ವೈದ್ಯೆಯನ್ನು ತಂದು, ಬಾಗಿಲು ಒಡೆದು, ಅಕ್ಕನನ್ನೂ ಕೂಸನ್ನೂ ಕಾಪಾಡುತ್ತಾನೆ!

ಶೂಟಿಂಗಿಗೆ ಮಧುಗಿರಿ ಬೆಟ್ಟದ ಬೋಳುಬಂಡೆಯೇ ಬೇರೆ ಗ್ರಹವಂತೆ. "ನಾನು ಹಾಸಿಗೆ ಹಿಡಿದಿದ್ದೇನೆ, ನೀನೇ ಹೋಗಿ ಗುಡ್ಲು ಹೇಗಿರುತ್ತದೆಂದು ಅವರಿಗೆ ತಿಳಿಸು" ಎಂದು ಬರೆದವನು ನೀನೇ. ಹೋದೆ. ತಗಡಿನ ಗೂಡಿಗೆ ಬೆಳ್ಳಿ ಬಣ್ಣ ಬಳಿದಿದ್ದರು. ಒಳಗೆ ಎದ್ದು ನಿಲ್ಲುವಷ್ಟು ಎತ್ತರ. ನಿಮ್ಮ ಡೈರೆಕ್ಟರು ಶಂಕರಲಿಂಗಪ್ಪನವರಿಗೆ, "ನಮ್ ಗುಡ್ಲಲ್ಲಿ ನಿಲ್ಲಕ್ಕಾಗಲ್ಲ ಸ್ವಾಮಿ, ತೆವಳ್ಕಂಡು ಹೋಗ್ಬೇಕು" ಎಂದೆ. ತಕ್ಷಣ ಮೇಲಿನ ತಗಡು ಕೀಳಿಸಿ ಗೂಡು ತಗ್ಗಿಸಿದರು. ಮಾತು ಕೇಳುವ ಮನುಷ್ಯ.

ಅಷ್ಟರಲ್ಲಿ ಮೋಡ ಮುಚ್ಚಿತು, ಕೆಲಸ ನಿಂತಿತು. ಸೋದರಮಾವನ ವೇಷದ ನಿನ್ನ ಸ್ನೇಹಿತ ರೇಣುಕಯ್ಯ ಹೊಳೆಯುವ ಅಂಗಿ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತಾ ಬಂದ. "ನೀವು ಕಥೆ ಚೆನ್ನಾಗಿ ಹೇಳ್ತೀರಂತೆ ಗೌರಕ್ಕ. ಬಿಸಿಲು ಬರೋವರ್ಗೂ ಒಂದು ಆಗ್ಲಿ."

"ಹೂಂ ಅನ್ನೋರ್ ಯಾರಪ್ಪ?"

"ನಾವೆಲ್ಲ ಅಂತೀವಿ."

ಹೇಳಿದೆ.

"ಒಂದು ಹಟ್ಟೀಲಿ ಒಬ್ಳು ಅಕ್ಕ, ಒಬ್ಬ ತಮ್ಮ ಇದ್ರು."

"ಹೂಂ."

"ಅಕ್ಕ ಹೆತ್ತು ಗುಡ್ಲಲ್ಲಿದ್ಲು. ಗಂಡ ಕುರಿ ಹೊಡ್ಕಂಡು ಪಾವಗಡದ ಕಡೆ ಹೋಗಿದ್ದ. ಕೂಸಿಗೆ ಮೈ ಸುಡೋ ಜ್ವರ. 'ಮಧುಗಿರಿಯಿಂದ ನರ್ಸಮ್ಮನ ಕರ್ಕೊಂಡು ಈಗ ಬಂದ್ಬುಟ್ಟೆ ಕಣಕ್ಕ' ಅಂದು ತಮ್ಮ ಸೈಕಲ್ ಹತ್ದ."

"ಹೂಂ."

"ಮಧುಗಿರೀಲಿ ಟೆಂಟಿಗೆ ಹೊಸ ಸಿನಿಮಾ ಬಂದಿತ್ತು."

ಯಾರೂ ಹೂಂ ಅನ್ನಲಿಲ್ಲ ಮೂಡಲಗಿರಿ. ಲೈಟಿನ ಹುಡುಗರು ಕೂಡ.

"ಆಮೇಲೆ?" ಎಂದರು ಶಂಕರಲಿಂಗಪ್ಪನವರು.

"ಬೆಳಕರಿದ್ ಮ್ಯಾಲೆ ಒಬ್ನೇ ಬಂದ. ಬೇಲಿ ಆಚೆ ನಿಂತ್ಕಂಡು, 'ಅಕ್ಕ, ಏನ್ ಫೈಟಿಂಗು ಅಂತೀಯ' ಅಂತ ಸಿನಿಮಾ ಕಥೆ ಹೇಳಕ್ಕೆ ಸುರು ಮಾಡ್ದ. ಅಕ್ಕನ ತೊಡೆ ಮ್ಯಾಲೆ ಕೂಸು ತಣ್ಣಗಾಗಿತ್ತು."

ಯಾರ ಹೆಸರೂ ಹೇಳಲಿಲ್ಲ. ಆದರೆ ರೇಣುಕಯ್ಯ ನನ್ನ ಮುಖ ನೋಡಿದ, ಆಮೇಲೆ ತನ್ನ ಹೊಳೆಯುವ ಅಂಗಿ ನೋಡಿಕೊಂಡ. "ಈಗ ಬಂದ್ಬುಟ್ಟೆ ಅನ್ನೋ ಮಾತು ನಂಗೊತ್ತು ಕಣಕ್ಕ. ಅವನು ದಿನಾ ಅಂತಾನೆ," ಎಂದ ಮೆಲ್ಲಗೆ.

ಶಂಕರಲಿಂಗಪ್ಪನವರು ಬಹಳ ಹೊತ್ತು ಬಂಡೆಯ ಮೇಲೆ ಓಡಾಡಿದರು. ಬಂದು, "ನಮ್ಮ ಚಿತ್ರದಲ್ಲಿ ಒಬ್ಬ ಕೆಟ್ಟವನಿಲ್ಲ ಅಂತ ತಲೆ ಕೆಡಿಸ್ಕೊಂಡಿದ್ದೆ ಕಣಮ್ಮ. ಈಗ ಸಿಕ್ಕಿದ. ಆದರೆ ಕೂಸು ಬದುಕಲೇಬೇಕು. ಮಾವ ಬರದಿದ್ದರೆ ಬಾಗಿಲು ಒಡೆಯೋರು ಯಾರು?" ಎಂದರು.

"ಅವ್ವನೇ ಒಡೀಲಿ," ಎಂದೆ.

ಈಗ ಹಾಗೇ ಆಗಿದೆ. ತಾಯಿ ಒಳಗಿನಿಂದಲೇ ಒದ್ದು ಬಾಗಿಲು ಮುರಿದು, ಕೂಸನ್ನು ಎದೆಗೆ ಕಟ್ಟಿಕೊಂಡು, ಬಂಡೆ ಇಳಿದು ಹೋಗುತ್ತಾಳೆ. ನಿನ್ನ ವೀರ ಯಾವುದೋ ಗ್ರಹದ ಆಟದ ಡೇರೆಯಲ್ಲಿ ಬಾಯಿ ಬಿಟ್ಟುಕೊಂಡು ಕೂತು, ಅಕ್ಕ ಯಂತ್ರದಲ್ಲಿ ಕೂಗಿದಾಗಲೆಲ್ಲ "ಈಗ ಬಂದ್ಬುಟ್ಟೆ ಕಣಕ್ಕ" ಅನ್ನುತ್ತಾನೆ. ರೇಣುಕಯ್ಯ ನಿನ್ನಂತೆಯೇ ಕ್ರಾಪು ಸವರಿಕೊಂಡು ಹೇಳುತ್ತಾನೆ, ಅದನ್ನು ನಾನು ಕಲಿಸಲಿಲ್ಲ.

ಹಟ್ಟಿಯವರಿಗೆಲ್ಲ ಗೊತ್ತಾಗುತ್ತದೆ ಎಂದು ಅತ್ತಿದ್ದೀಯ. ಗೊತ್ತಾಗಲಿ. ನರ್ಸಮ್ಮ ಸಿಗಲಿಲ್ಲ ಎಂದು ನೀನು ಅಂದು ಹೇಳಿದ್ದನ್ನೇ ಅವರು ಇಂದಿಗೂ ನಂಬಿದ್ದಾರೆ. ನಿನ್ನ ಭಾವ ದಾಸಣ್ಣ ಕೂಡ. ಶಿರಾದಲ್ಲಿ, ಕೊರಟಗೆರೆಯಲ್ಲಿ, ಪಾವಗಡದಲ್ಲಿ ಟೆಂಟು ತುಂಬ ಜನ ಆ ಸೋದರಮಾವನಿಗೆ ಥೂ ಎಂದು ಉಗಿಯಬೇಕು. ನಾನು ಭಾವನನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ, ನೆಲದ ಮೇಲೆ ಕೂತು, ಕಡ್ಲೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳಬೇಕು.

ಎಣ್ಣೆಪದಾರ್ಥ ಮುಟ್ಟಬೇಡ. ಮಜ್ಜಿಗೆ ಅನ್ನ ಬಿಡಬೇಡ. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ನಿನ್ನ ಸಿನಿಮಾವನ್ನು ನೀನು ಪೂರ್ತಿ ನೋಡುವಂತಾಗಲಿ.

ನಿನ್ನ ಅಕ್ಕ,
ಗೌರಕ್ಕ

ಮರೆತಿದ್ದೆ: ಧಾರಾವಾಹಿಯಲ್ಲಿ ಸೋದರಮಾವ ಬಾರದೇ ಹೋದ ದಿನ, ಇವನು ಒಪ್ಪಿಕೊಂಡನಲ್ಲ ಎಂದು ಮನೆಗೆ ಬಂದು ಅತ್ತು, ನಿನ್ನನ್ನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಿದ್ದೆ. ಬೆಟ್ಟದ ಮೇಲೆ, ನಾನು ಕಥೆ ಹೇಳುವ ಮೊದಲೇ, ರೇಣುಕಯ್ಯ ನೀನು ಸಿನಿಮಾಕ್ಕೆ ಬರೆದ ಕೊನೆಯನ್ನು ಓದಿ ಹೇಳಿದ. ಉಳಿದ ಕೂಸು ದೊಡ್ಡದಾಗಿ, ಲಂಗ ಹಾರಿಸುತ್ತಾ ಬಂಡೆಯ ಮೇಲೆ ಓಡಿಬಂದು "ಮಾವಾ" ಎಂದು ನಿನ್ನ ಕೊರಳು ತಬ್ಬುತ್ತದೆ. ಅವಳಿಗೆ ಕ್ಯಾತಮ್ಮ ಎಂದು ಹೆಸರಿಟ್ಟಿದ್ದೀಯ. ಹಟ್ಟಿಯೊಳಕ್ಕೆ ಬರುವ ಮೊದಲೇ ಹೋದ ಕೂಸಿಗೆ ಹೆಸರಿರುವುದಿಲ್ಲ. ಆ ಹೆಸರನ್ನು ನಾನು ಬೇಲಿಯ ಸಂದಿಯಲ್ಲಿ ನಿನಗೊಬ್ಬನಿಗೇ ಹೇಳಿದ್ದೆ. ಅವಳು ಹೆತ್ತವಳನ್ನು ಕರೆಯುವುದು ಇಡೀ ಚಿತ್ರದಲ್ಲಿ ಎಲ್ಲಿಯಾದರೂ ಇದ್ದೀತೆಂದು ರೇಣುಕಯ್ಯನಿಂದ ಮತ್ತೆ ಓದಿಸಿದೆ ಕಣೋ. ಒಂದು ಸಲವಾದರೂ ಅವಳ ಬಾಯಲ್ಲಿ ಅವ್ವ ಅನ್ನಿಸಬಾರದಿತ್ತೇನೋ?