ಏಳು ಖೈರ್‌ಖಾನ್‌ಗಳು

೧೯೫೭, ಜೂನ್ ೧೧

ಮತ್ತೆ ಅದೇ ಉತ್ತರ. ಇವತ್ತು ಮೂರು ಗುಡಾರ ಸುತ್ತಿದೆ, ಮೂರು ಕಡೆ ಉಪ್ಪು ಚಹಾ ಕುಡಿದೆ. ಎದುರಿನ ಬೆಟ್ಟದ ಹೆಸರೇನು? "ಖೈರ್‌ಖಾನ್." ಅಂದರೆ ಕರುಣಾಳು. ಪಕ್ಕದ್ದು? ಅದೂ ಖೈರ್‌ಖಾನ್. ಕಣ್ಣೆದುರು ನಿಂತ ಬೆಟ್ಟದ ನಿಜವಾದ ಹೆಸರು ಬಾಯಲ್ಲಿ ಬರಬಾರದು — ಗೊತ್ತು, ನಾನೂ ಈ ಗೋಬಿ ಮರುಭೂಮಿಯಲ್ಲೇ ಬೆಳೆದವಳು. ಆದರೆ ನಕ್ಷೆಗೆ ಏನು ಬರೆಯಲಿ?

ಜೂನ್ ೧೨, ಮಧ್ಯಾಹ್ನ

ನಮ್ಮ ನಕ್ಷೆ ತಂಡದ ಮುಖ್ಯಸ್ಥ ಚೊಯ್ಜಿಲ್ ನನ್ನ ಪಟ್ಟಿ ನೋಡಿ ಪೆನ್ಸಿಲ್ ಎಸೆದರು.

"ಏಳು ಬೆಟ್ಟ, ಏಳಕ್ಕೂ ಒಂದೇ ಹೆಸರು. ಉಲಾನ್‌ಬಾತರಿನಲ್ಲಿ ನನ್ನ ಮುಖಕ್ಕೆ ಉಗೀತಾರೆ, ದುಲ್ಮಾ."

"ಯಾರೂ ಹೇಳ್ತಿಲ್ಲ ಸಾರ್."

"ಎತ್ತರ ಅಳೆಯೋದು ನನ್ನ ಕೆಲಸ. ಹೆಸರು ತರೋದು ನಿಂದು. ಶನಿವಾರದೊಳಗೆ ಒಂದಾದ್ರೂ ತಾ. ಇಲ್ಲಾಂದ್ರೆ ಟ್ರಕ್ ಹತ್ತಿ ವಾಪಸ್ ಹೋಗು."

ಆರು ವರ್ಷದ ಓದು... ಟ್ರಕ್ಕಿನಲ್ಲಿ ವಾಪಸ್.

ಜೂನ್ ೧೪

ಎರಡು ದಿನದಿಂದ ಯಂಜಿವಜ್ಜಿಯ ಹಿಂದೆ. ಏಳರಲ್ಲಿ ಮೊದಲ ಬೆಟ್ಟದ ಬುಡದಲ್ಲೇ ಎಪ್ಪತ್ತು ವರ್ಷ ಒಂಟೆ ಸಾಕಿದವಳು. ನೀರು ಹೊತ್ತೆ, ಒಂಟೆಯ ಉಣ್ಣೆ ಬಿಡಿಸಿಕೊಟ್ಟೆ. ಇವತ್ತು ಅವಳೇ ಮಾತು ತೆಗೆದಳು.

"ಆ ಹಾಳೆ ಯಾರು ಓದ್ತಾರೆ?"

"ಯಾರೂ ಇಲ್ಲ ಅಜ್ಜಿ. ಗುಟ್ಟಿನ ನಕ್ಷೆ. ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ."

"ಯಾರೂ ಓದದ ಹಾಳೆಗೆ ಹೀಗೆ ಅಲೀತಿದೀಯಾ ಮಗಳೇ?"

ನಕ್ಕಳು. ನನಗೆ ಅಳು ಬಂತು. ಬೆಟ್ಟದತ್ತ ಕಣ್ಣು ಹಾಯಿಸಿ ಒಂಟೆಗೆ ಹಗ್ಗ ಹಾಕಿದಳು. "ಬೀಗ ಇದ್ರೆ ಸರಿ. ನಡಿ. ಅವನ ಕಣ್ಣು ತಪ್ಪಿಸಿ ಹೇಳ್ತೀನಿ."

ಐದು ಗಂಟೆ ಸವಾರಿ. ದಿಣ್ಣೆ ಇಳಿದಾಗಲೆಲ್ಲ ತಿರುಗಿ ನೋಡುವಳು — ಅವನ ನೆತ್ತಿ ಇನ್ನೂ ಕಾಣುತ್ತಿದೆ. ಸೊಂಟ ಬಿದ್ದುಹೋಯಿತು. ಕೊನೆಗೆ ಒಂದು ಒಣಹಳ್ಳಕ್ಕೆ ಇಳಿದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

"ಉಳಿದ ಆರು, ಅಜ್ಜಿ?"

"ಅವು ನನ್ನವಲ್ಲ. ಅವರವರನ್ನ ಕೇಳು."

ಜೂನ್ ೧೫, ಬೆಳಿಗ್ಗೆ

ಚೊಯ್ಜಿಲ್ ಎತ್ತರ ಅಳೆಯುವ ಥಿಯೋಡಲೈಟ್ ಪಕ್ಕ ನಿಂತಿದ್ದರು. ಎದುರಿಗೇ ಬೆಟ್ಟ.

"ಹೆಸರು?"

ಬಾಯಿ ತೆರೆದೆ. ಬರಲಿಲ್ಲ.

"ಟ್ರಕ್ ರೆಡಿ ಇದೆ" ಅಂದರು.

ನೋಟ್‌ಬುಕ್ ತೆರೆದು ಮುಂದೆ ಹಿಡಿದೆ. ಓದಿದರು, ತುಟಿ ಅಲುಗಿಸದೆ. ಬೆಟ್ಟದ ಕಡೆ ಒಮ್ಮೆ ನೋಡಿದರು. ಹಾಳೆಯ ಮೇಲೆ ಬರೆದು ಅದನ್ನು ಅಂಗೈಯಿಂದ ಮುಚ್ಚಿದರು.

"ಇನ್ನೂ ಆರು ಬಾಕಿ" ಅಂದರು, ಮೆಲ್ಲಗೆ.

ನೀರಿನ ಚೀಲ ತುಂಬಿಸಬೇಕು. ಎರಡನೆಯ ಬೆಟ್ಟದ ಬುಡದಲ್ಲಿರುವ ಮುದುಕನಿಗೆ ಕಿವಿ ಕೇಳುವುದಿಲ್ಲವಂತೆ. ಮೆಲ್ಲಗೆ ಮಾತಾಡುವುದೇ ಬರುವುದಿಲ್ಲವಂತೆ. ಇವನನ್ನು ಎಷ್ಟು ದೂರ ಕರೆದೊಯ್ದರೆ ಬೆಟ್ಟಕ್ಕೆ ಕೇಳಿಸದೋ —