ರಂಗೋಲಿ ಇಲ್ಲದ ರಂಗೋಲಿ ತರಗತಿ

ಈ ಕೊಲ್ಲಿ ನಾಡಿನ ನಮ್ಮ ಕನ್ನಡ ಸಂಘದ ಸಭಾಭವನದ ಬೀಗದ ಕೈ ಕಾಯುತ್ತಿರುವ ಮಾನ್ಯ ಆಡಳಿತಾಧಿಕಾರಿಗಳೇ,

ಮಂಗಳವಾರ ಬೆಳಿಗ್ಗೆ ಹಿಂಬದಿಯ ಕೋಣೆಯಲ್ಲಿ ನಡೆಯುತ್ತಿದ್ದ ನಮ್ಮ ತರಗತಿಯನ್ನು ತಾವು ಒಂದು ಚೀಟಿ ಅಂಟಿಸಿ ನಿಲ್ಲಿಸಿದಿರಿ. ‘ಅರ್ಜಿಯಲ್ಲಿ ತಿಳಿಸಿದ ಉದ್ದೇಶಕ್ಕೆ ಕೊಠಡಿ ಬಳಸಿಲ್ಲ.’ ನಿಜ. ಅರ್ಜಿಯಲ್ಲಿ ರಂಗೋಲಿ ಎಂದಿತ್ತು. ತಾವು ಬಾಗಿಲು ತೆರೆದಾಗ ಹನ್ನೊಂದು ಹೆಂಗಸರು ಮೊಣಕಾಲು ಮಡಚಿ ಚಾಪೆಯ ಮೇಲೆ ಮಲಗಿದ್ದರು. ನೆಲದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಸುಳ್ಳು ಬರೆದವಳು ನಾನೇ. ಅಂದು ತಮ್ಮೆದುರು ಬಾಯಿಗೆ ಬಾರದ ಸತ್ಯವನ್ನು ಈಗ ಎಲ್ಲರೂ ಓದುವಂತೆ ಬರೆಯುತ್ತೇನೆ: ನಾವು ಮೂತ್ರ ತಡೆದುಕೊಳ್ಳಲು ಕಲಿಯುತ್ತಿದ್ದೆವು.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಮ್ಮಲ್ಲಿ ಎಷ್ಟೋ ಮಂದಿಗೆ ಕೆಮ್ಮಿದರೆ, ಸೀನಿದರೆ, ಅಕ್ಕಿ ಚೀಲ ಎತ್ತಿದರೆ ಬಟ್ಟೆ ಒದ್ದೆಯಾಗುತ್ತದೆ. ಉರಿ ಬೇರೆ. ನಮ್ಮ ತಾಯಂದಿರು ಇದನ್ನು ಹೇಳಿಕೊಡಲಿಲ್ಲ, ಗಾಢ ಬಣ್ಣದ ಸೀರೆ ಉಟ್ಟು ಸುಮ್ಮನಾದರು. ಇಲ್ಲಿನ ಆಸ್ಪತ್ರೆಗೆ ಹೋದರೆ, ಭಾಷೆ ಬಾರದ ನಮ್ಮ ಪರವಾಗಿ ಮಾತಾಡುವವರು ಗಂಡಂದಿರು. ಅವರಿಗೇ ಹೇಳದ್ದನ್ನು ಅವರ ಬಾಯಿಂದ ಡಾಕ್ಟರಿಗೆ ಹೇಳಿಸುವುದು ಹೇಗೆ?

ಇಲ್ಲಿನ ಜಿಂಜ್ ಬಡಾವಣೆಯಲ್ಲಿರುವ ಮೈಸೂರಿನ ನಾಗಮಣಿಯನ್ನು ತಾವು ಬಲ್ಲಿರಿ. ಐವತ್ತೆರಡು ವರ್ಷ. ಅವಳು ಲಿಫ್ಟಿನಲ್ಲಿ ನಕ್ಕರೆ ಮೂರು ಮಹಡಿಗೆ ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಆ ನಗು ನಿಂತಿತು. ದೊಡ್ಡಸ್ತಿಕೆ ಬಂತು ಎಂದರು ಎಲ್ಲರೂ. ನಾನೂ ಅಂದೆ, ಪಾಪಿ. ಒಂದು ದಿನ ಮಾಹೂಝಿನ ನಮ್ಮ ಅಡುಗೆಮನೆಯಲ್ಲಿ ನಾನೇನೋ ತಮಾಷೆ ಮಾಡಿದೆ. ಅವಳು ಮುಖ ಮುಚ್ಚಿಕೊಂಡು ಎದ್ದಳು. ಕುರ್ಚಿ ಒದ್ದೆಯಾಗಿತ್ತು.

“ನಗಿಸ್ಬೇಡಿ ಅಕ್ಕ, ದಮ್ಮಯ್ಯ,” ಎಂದಳು. “ಹೊರಗೆ ಹೊರಡೋ ದಿನ ನಾನು ನೀರೇ ಕುಡಿಯಲ್ಲ.”

ಈ ಮರಳುಗಾಡಿನ ಊರಿನ ಆಗಸ್ಟ್ ಬಿಸಿಲಲ್ಲಿ, ಮಾನ್ಯರೇ!

ನಮಗೆ ದಾರಿ ತೋರಿಸಿದವರು ನಿವೃತ್ತ ಫಿಸಿಯೋಥೆರಪಿಸ್ಟ್ ಪೌಲಿನ್ ಬಾಯಿ. ಮೊದಲ ದಿನ ನಾವು ಹಲ್ಲು ಕಚ್ಚಿ ಮಲಗಿದ್ದನ್ನು ಕಂಡು ಅವರು, “ಉಚ್ಚೆ ತಡಿಲಿಕ್ಕೆ ಬಿಗಿ ಮಾಡ್ತೀರಲ್ಲ, ಅಷ್ಟೇ. ಐದು ಎಣಿಸಿ, ಬಿಡಿ. ಉಸಿರು ಕಟ್ಬೇಡಿ ಮಾರಾಯ್ರೆ! ಮೋರೆ ಅಲ್ಲ ಬಿಗಿ ಮಾಡ್ಲಿಕ್ಕೆ!” ಎಂದರು. ಕಡಿಮೆಯೆಂದರೂ ಮೂರು ತಿಂಗಳು ಬಿಡದೆ ಮಾಡಬೇಕು ಎಂದೂ ಹೇಳಿದರು. ಎಂಟನೇ ವಾರ ಅವರ ಯಾವುದೋ ಮಾತಿಗೆ ನಾಗಮಣಿ ತಡೆಯಲಾರದೆ ನಕ್ಕುಬಿಟ್ಟಳು. ಗಾಬರಿಯಿಂದ ಎದ್ದು ಕುಳಿತು ಚಾಪೆ ಮುಟ್ಟಿ ನೋಡಿದಳು. “ಅಕ್ಕ, ಏನೂ ಆಗ್ಲಿಲ್ಲ!” ಎಂದು ಮತ್ತೆ ನಕ್ಕಳು, ಬೇಕೆಂದೇ, ಜೋರಾಗಿ.

ಒಂಬತ್ತನೇ ವಾರ ತಾವು ಬಾಗಿಲು ತೆರೆದಿರಿ. ಬಾಗಿಲ ಬಳಿಯ ಚಾಪೆ ಅವಳದೇ ಆಗಿತ್ತು.

ಮರುದಿನ ಕಚೇರಿಗೆ ಬಂದೆ. ಇನ್ನಿಬ್ಬರು ಮಹನೀಯರು ಕುಳಿತಿದ್ದರು. “ಹಾಗಾದ್ರೆ ಎಂತ ಮಾಡ್ತಾ ಇದ್ರಿ?” ಎಂದಿರಿ. “ವ್ಯಾಯಾಮ,” ಎಂದೆ. “ಮಲಗಿಯಾ? ನಮ್ಗೂ ಕಲಿಸಿ ಅಕ್ಕ!” ಎಂದಿರಿ, ಮೂವರೂ ನಕ್ಕಿರಿ. ತಮ್ಮ ಹಿಂದಿನ ಗೋಡೆಯಲ್ಲಿ ಗಂಡಸರ ಪ್ರಾಸ್ಟೇಟ್ ತಪಾಸಣಾ ಶಿಬಿರದ ಬಣ್ಣದ ಪೋಸ್ಟರ್ ಇತ್ತು. ಅದನ್ನು ನೋಡಿ ಯಾರೂ ನಕ್ಕದ್ದು ನಾನು ಕಾಣೆ. ಗಂಡಸರ ಮೂತ್ರ ಆರೋಗ್ಯದ ವಿಷಯ, ನಮ್ಮದು ಮರ್ಯಾದೆಯ ವಿಷಯ, ಅಲ್ಲವೇ?

ಮನೆಯಲ್ಲೇ ಮಾಡಬಹುದಲ್ಲ ಎನ್ನುವಿರಿ. ಮಾಡಬಹುದು. ಆದರೆ ಸರಿಯೋ ತಪ್ಪೋ ಹೇಳುವವರು ಬೇಕು, ಇದು ನನಗೊಬ್ಬಳಿಗೇ ಅಲ್ಲ ಎಂದು ಕಾಣುವ ಒಂದು ಕೋಣೆ ಬೇಕು. ನಾಗಮಣಿ ಈಗ ಮನೆಯಲ್ಲೂ ಮಾಡುತ್ತಿಲ್ಲ. ನನ್ನ ಫೋನನ್ನೂ ಎತ್ತುವುದಿಲ್ಲ. ರಂಗೋಲಿ ಎಂದು ಬರೆದು ಅವಳನ್ನು ಕಳ್ಳಿಯಂತೆ ಸಿಕ್ಕಿಬೀಳಿಸಿದವಳು ನಾನಲ್ಲವೇ? ಈ ಸಂಕಟ ತಮ್ಮ ಚೀಟಿಯಿಂದ ಬಂದದ್ದಲ್ಲ.

ಆ ಕೋಣೆಯನ್ನು ಮಂಗಳವಾರ ನಮಗೆ ಮರಳಿ ಕೊಡಿ. ಒಳಗಿನಿಂದ ಹಾಕಲು ಒಂದು ಚಿಲಕ ಇಡಿಸಿ. ಫಲಕದಲ್ಲಿ ‘ಮಹಿಳೆಯರ ಮೂತ್ರ ಸಂಯಮ ವ್ಯಾಯಾಮ’ ಎಂದು ಆ ಪೋಸ್ಟರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿಸಿ. ಬರೆಯಲು ತಮಗೆ ನಾಚಿಕೆಯಾದರೆ ಬಣ್ಣ ಕೊಡಿ, ನಾನೇ ಬರೆಯುತ್ತೇನೆ. ಅದರ ಫೋಟೊವನ್ನು ಮೊದಲು ನಾಗಮಣಿಗೆ ಕಳಿಸುತ್ತೇನೆ.

ಇಂತಿ,
ತಮ್ಮ ಕಡತದಲ್ಲಿ ರಂಗೋಲಿ ಟೀಚರ್ ಆಗಿರುವ, ಒಂದು ಗೆರೆಯೂ ನೆಟ್ಟಗೆ ಎಳೆಯಲು ಬಾರದ, ಆರು ವರ್ಷದಿಂದ ತಾನೂ ಸೀನಲು ಹೆದರುತ್ತಿರುವ
ಕುಸುಮಾವತಿ, ಮಾಹೂಝ್